ಬಿಸಿಲಿನ ಊರಿಗೊಂದು ಅರಿವಿ ಒಣಗಿಸೋ ಮಷೀನು

ಯಮನೂರು
೩ ಜೂನ್ ೨೦೨೪

ಕಾರವಾರ ನಿವಾಸಿ, ನನಗಿಂತ ನಾಲ್ಕು ವರ್ಷ ಮೊದಲು ಹುಟ್ಟಿದ ಒಂದೇ ಕಾರಣಕ್ಕೆ ಗೌರವಕ್ಕೆ ಪಾತ್ರರಾದ ಅಕ್ಕ ಅಮೀರಬಿ ಆಪಾ ಅವರ ಸನ್ನಿಧಿಗೆ,

ಅಸ್ಸಲಾಮು ಅಲೈಕುಮ್.

ನವಲಗುಂದ ತಾಲೂಕಿನ ಸಮಸ್ತ ಪ್ರಜೆಗಳಿಗೂ, ಕಾರವಾರದ ಸಮುದ್ರಕ್ಕೂ, ಅದರ ದಂಡೆಯ ಮೇಲೆ ಕೂತು ದಿನವೂ ನನ್ನನ್ನು ಬೈಯುತ್ತಿರುವ ತಮಗೂ ಅತ್ಯಂತ ವಿಷಾದದಿಂದ ತಿಳಿಯಪಡಿಸುವುದೇನೆಂದರೆ, ಇಂದು ಸೋಮವಾರ ಬೆಳಿಗ್ಗೆ ಹತ್ತು ಗಂಟೆ ಹದಿನೈದು ನಿಮಿಷಕ್ಕೆ ಸರಿಯಾಗಿ ನಮ್ಮ ಮನೆಯ ಅರಿವಿ ಒಣಗಿಸೋ ಮಷೀನು ತಿರುಗುವುದನ್ನು ನಿಲ್ಲಿಸಿದೆ.

‘ನಮ್ಮ ಮನೆಯ’ ಅಂದಕೂಡಲೇ ತಾವು ಹಲ್ಲು ಕಡಿದ ಸಪ್ಪಳ ಇಲ್ಲಿಗೆ ಕೇಳಿಸಿತು. ಇರಲಿ. ಮಷೀನು ತಮ್ಮದೇ. ಹೋದ ಡಿಸೆಂಬರ್‌ದಾಗ ನಾನು ಬೇಡಿದೆ, ತಾವು ಮೂಗು ಮುರಿದು ಕೊಟ್ಟಿರಿ. ರಂಜಾನ್ ಈದಿನ ದಿನ ಫೋನ್ ಹಚ್ಚಿ, ಶುಭಾಶಯಕ್ಕಿಂತ ಮೊದಲು ‘ಮಷೀನ್ ವಾಪಸ್ ಕಳಸು’ ಅಂದಿರಿ. ನಾನು ಕಳಸೂದಿಲ್ಲ ಅಂದೆ. ‘ಇನ್ನ ನಿನ್ನ ಜೋಡಿ ಮಾತಾಡಿದ್ರ ಕೇಳು’ ಅಂತ ತಾವು ಘೋಷಿಸಿದಿರಿ. ಆ ಘೋಷಣೆ ಮಾತಿಗೆ ಮಾತ್ರ ಅನ್ವಯ ಆಗತೈತಿ. ಮೂವತ್ತೊಂದು ವರ್ಷ ಕನ್ನಡ ಸಾಲ್ಯಾಗ ಮಕ್ಕಳ ಕೈ ಹಿಡಿದು ಬರೆಸಿದವ ನಾನು. ಬರೀತೇನಿ.

ಮಷೀನನ್ನು ನಾನೇ ಬಿಚ್ಚಿದೆ. ಹಿಂದಿನ ತಗಡಿಗೆ ಎಂಟು ಸ್ಕ್ರೂ ಇದ್ದವು. ತಿರುಗಿ ಮುಚ್ಚಿದಾಗ ಎರಡು ಉಳಿದವು. ಇವು ಕಂಪನಿಯವರು ಹೆಚ್ಚಿಗಿ ಹಾಕಿದ್ದು ಅಂತ ನಿರ್ಣಯ ಮಾಡಿ ತೆಗೆದಿಟ್ಟೇನಿ. ರೋಗ ಇಷ್ಟೇ: ಡ್ರಮ್ಮಿನ ಸುತ್ತ ಹಾಯ್ದು ಮೋಟಾರಿಗೆ ಹೋಗೋ ತೆಳ್ಳಗಿನ ಕರೀ ಬೆಲ್ಟ್ ಹರಿದು ಕೆಳಗ ಬಿದ್ದೈತಿ. ಮೋಟಾರು ಗುಂಯ್ ಅಂತೈತಿ, ಡ್ರಮ್ಮು ಅಲ್ಲಾಡವಲ್ಲದು.

ನಮ್ಮ ಭಾವ, ಅಲ್ಲಾಹ ಅವರಿಗೆ ಜನ್ನತ್ ಕೊಡಲಿ, ಈ ಮಷೀನು ತಂದ ದಿನವೇ ಇನ್ನೊಂದು ಬೆಲ್ಟ್ ತಂದು ಇಟ್ಟಿದ್ದು ನನಗ ಗೊತ್ತೈತಿ. ಅದು ತಮ್ಮ ಟ್ರಂಕಿನಲ್ಲಿದೆ. ತಕ್ಷಣ ಟಪಾಲಿಗೆ ಹಾಕತಕ್ಕದ್ದು. ಇದನ್ನು ವಿನಂತಿ ಅಂತ ತಿಳಿದು ಉಬ್ಬಬಾರದು. ಇದು ಸೂಚನೆ.

ಅಬ್ದುಲಮಜೀದ
ನಿವೃತ್ತ ಮುಖ್ಯೋಪಾಧ್ಯಾಯ

ಅಮ್ಮಿ ಆರಾಮ ಅದಾಳ. ಕೇಳತೀರಿ ಅಂತ ಮೊದಲೇ ಬರದೇನಿ.


ಕಾರವಾರ
೮ ಜೂನ್ ೨೦೨೪

ಮಜೀದ,

ವಾಲೈಕುಮ್ ಅಸ್ಸಲಾಮ್. ಸಲಾಮಿಗೆ ಉತ್ತರ ಕೊಡಬೇಕು ಅಂತ ದೀನು-ಧರ್ಮ ಹೇಳತೈತಿ, ಅದಕ್ಕ ಬರದೇನಿ. ನಿನ್ನ ಮಾರಿ ನೋಡಿ ಅಲ್ಲ.

ಬೆಲ್ಟ್ ನನ್ನ ಟ್ರಂಕಿನ್ಯಾಗ ಐತಿ. ನಿನ್ನ ಭಾವನ ಮದವಿ ಶೇರವಾನಿ ಕೆಳಗ, ಹಾಳ್ಯಾಗ ಸುತ್ತಿದ್ದು, ಹೊಸಾದು. ಅಲ್ಲೇ ಇರತೈತಿ. ನೀ ಮಷೀನ್ ಇಲ್ಲಿ ತಂದು ಇಳಸು, ಆ ಬೆಲ್ಟ್ ನಾನ ಹಾಕಿಕೋತೇನಿ.

ಲೇ, ಒಂದ್ ಮಾತ್ ಹೇಳು. ಯಮನೂರಾಗ ಅರಿವಿ ಒಣಗಸಾಕ ಮಷೀನ್ ಯಾಕ ಬೇಕು? ನಿಮ್ಮೂರಾಗ ಅರಿವಿ ಹಿಂಡಿ ಹಗ್ಗಕ್ಕ ಹಾಕೂದರಾಗ ಅರ್ಧಾ ಒಣಗಿರತೈತಿ. ಹಪ್ಪಳ ಹಾಕಿದ್ರ ಕಾಗಿ ಬರೂಕಿಂತ ಮೊದಲ ಬಿಸಿಲ ಬರತೈತಿ. ಇಲ್ಲಿ ಕಾರವಾರದಾಗ ನಾಕ್ ತಿಂಗಳು ಗ್ವಾಡಿ ಸೈತ ಬೆವರತಾವು. ಶಬೀನಾ ಬಾಣಂತನಕ್ಕ ಬಂದಾಳ, ಆಗಸ್ಟದಾಗ ಕೂಸು ಬರತೈತಿ. ಕೂಸಿನ ಅರಿವಿ ಎಲ್ಲಿ ಒಣಗಸ್ಲಿ, ನಿನ್ನ ತಲೀ ಮ್ಯಾಲ? ಬೋಳ ಐತಿ, ಬೆಚ್ಚಗ ಇರತೈತಿ, ಆದ್ರ ಜಾಗಾ ಸಾಲೂದಿಲ್ಲ.

ಡಿಸೆಂಬರ್‌ದಾಗ ಏನಂದಿ? ‘ಮುಸರತ್‌ಗ ರಟ್ಟಿ ನೋವು, ಹಸಿ ಅರಿವಿ ಎತ್ತಿ ಹಗ್ಗಕ್ಕ ಹಾಕಾಕ ಆಗವಲ್ಲದು’ ಅಂದಿ. ನಂಬಿ ಕೊಟ್ಟೆ. ಈಗ ನಿಮ್ಮ ಎದುರು ಮನಿ ಮಹಾನಂದಾ ಹೇಳತಾಳ, ನಿನ್ನ ಹೆಂಡತಿ ದಿನಾ ಎರಡ ಕೊಡಾ ನೀರ ಸೊಂಟದ ಮ್ಯಾಲ ಹೊತ್ತು ತರತಾಳಂತ. ಮತ್ತ ಕೇಳು. ಮಷೀನ್ ದಿನಕ್ಕ ಐದ್ ಸಲ ಓಡತಿತ್ತಂತ. ಐದ್ ಸಲ! ಮನ್ಯಾಗ ಮೂರ ಮಂದಿ. ಹಗ್ಗದ ಮ್ಯಾಲ ನೋಡಿದ್ರ ನಿಂದೊಂದ ಟವೆಲ್. ಮಹಾನಂದಾ ನನ್ನ ಜೋಡಿ ಏಳನೇ ಇಯತ್ತೆ ತನಕ ಕಲಿತಾಕಿ, ಸುಳ್ಳ ಹೇಳೂದಿಲ್ಲ. ಹೇಳಿದ್ರೂ ನಿನಗಿಂತ ಕಡಿಮಿ ಹೇಳತಾಳ.

ಏನ್ ನಡಸೀದಿ ನನ್ನ ಮಷೀನಿನ್ಯಾಗ?

ಅಮೀರಬಿ


ಯಮನೂರು
೧೩ ಜೂನ್ ೨೦೨೪

ಆಪಾ,

ಟ್ರಂಕಿನ ಕಾವಲುಗಾರ್ತಿಗೆ ಸಲಾಮು.

ತಮ್ಮ ಬೆಲ್ಟನ್ನು ತಾವೇ ಸೊಂಟಕ್ಕೆ ಕಟ್ಟಿಕೊಳ್ಳಬಹುದು. ನಮಗೆ ಬೇಕಾಗಿಲ್ಲ. ಸಲೀಮನ ಹಿಟ್ಟಿನ ಗಿರಣಿಯಿಂದ ಹಳೀ ಬೆಲ್ಟ್ ಒಂದು ತಂದು, ಅಳತಿ ಮಾಡಿ, ಕತ್ತರಿಸಿ, ಚಮ್ಮಾರನ ಕಡಿಂದ ಹೊಲಿಸಿ, ಸೋಮವಾರ ಮಧ್ಯಾಹ್ನ ನನ್ನ ಕೈಯಾರೆ ಹಾಕಿದೆ. ‘ಸರ, ಅದು ಜೋಳಾ ಬೀಸೂ ಬೆಲ್ಟ್ರಿ, ಅರಿವಿ ಬೀಸಿಬಿಡತೈತ್ರಿ’ ಅಂದ ಸಲೀಮ. ನನ್ನ ಕೈಯಾಗ ಗಣಿತದಾಗ ಎರಡು ವರ್ಷ ನಪಾಸಾದವ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಸ್ವಿಚ್ ಒತ್ತಿದೆ. ಮಷೀನು ಮೊದಲು ಕೆಮ್ಮಿತು. ಆಮೇಲೆ ಕುಣಿಯಿತು. ಆಮೇಲೆ, ಕೇಳು, ನಡೆಯಿತು. ಅಡಗಿ ಮನಿಯಿಂದ ಹೊಸ್ತಿಲ ದಾಟಿ ಪಡಸಾಲಿಯ ಮಟ ಸ್ವಂತ ಕಾಲಮ್ಯಾಲೆ ಬಂದು ವಾಯರು ಮುಗಿದದ್ದಕ್ಕ ನಿಂತಿತು. ಮುಸರತ್ ಒಲಿಮ್ಯಾಲಿನ ರೊಟ್ಟಿ ಬಿಟ್ಟು ಓಡಿದಳು. ಒಳಗಿನ ಅರಿವಿ ತಗದು ನೋಡಿದರೆ ಒಣಗಿದ್ದವು. ಜೋಳದ ಹಿಟ್ಟಿನ ವಾಸನಿ ಬರತಿತ್ತು, ಅಷ್ಟೇ. ಈಗ ಮಷೀನಿನ ನಾಲ್ಕೂ ಕಾಲಿಗೆ ನಾಲ್ಕು ಇಟ್ಟಂಗಿ ಒತ್ತು ಕೊಟ್ಟು, ಕಾಲು ತಾಸು ಓಡಿಸಿ ಅರ್ಧಾ ತಾಸು ಆರಿಸುತ್ತೇವೆ. ದುರಸ್ತಿ ಯಶಸ್ವಿಯಾಗಿದೆ ಅಂತ ದಾಖಲು ಮಾಡತಕ್ಕದ್ದು.

ಇನ್ನೊಂದು ವಿಷಯ. ತಾವು ಹದಿಮೂರು ವರ್ಷ ಈ ಮಷೀನನ್ನು ಹೆಂಗ ಇಟ್ಟಿದ್ದಿರಿ ಅನ್ನುವುದಕ್ಕೆ ಸಾಕ್ಷಿ ಸಿಕ್ಕೈತಿ. ಗಾಳಿ ಹೊರಗ ಹೋಗೋ ಕೊಳವಿಯೊಳಗ ಕೈ ಹಾಕಿದರೆ ನೂಲಿನ ಧೂಳು ಗಟ್ಟಿಯಾಗಿ ಗಾದಿ ಆಗಿತ್ತು. ಒಂದು ಸಣ್ಣ ದಿಂಬು ತುಂಬುವಷ್ಟು. ಬೆಂಕಿ ಹತ್ತಲಿಲ್ಲ, ಪುಣ್ಯ. ಕೆಳಗಿನ ಥರ ನಿಮ್ಮದು. ಕೆಂಪು, ನೀಲಿ, ಭಾವನ ಲುಂಗಿಯ ಹಸಿರು, ಎಲ್ಲಾ ಐತಿ. ಮ್ಯಾಲಿನ ಥರ ನಮ್ಮದು, ಆರು ತಿಂಗಳದ್ದು. ಬರೇ ಬಿಳಿ. ಸ್ವಚ್ಛ ಮಂದಿಯ ಧೂಳು ಸೈತ ಸ್ವಚ್ಛ ಇರತೈತಿ ಅನ್ನುವುದನ್ನು ಗಮನಿಸಿ.

ಮಹಾನಂದಾಗೆ ಹೇಳು, ನಮ್ಮ ಹಗ್ಗ ಎಣಿಸೂದು ಬಿಟ್ಟು ಅವರ ಮನಿ ಕೋಳಿ ಎಣಿಸಲಿ. ದಿನಾ ಒಂದು ನಮ್ಮ ಅಂಗಳದಾಗ ಇರತೈತಿ.

ಅಬ್ದುಲಮಜೀದ


ಕಾರವಾರ
೧೯ ಜೂನ್ ೨೦೨೪

ಮಜೀದ,

ಬಕ್ರೀದ್ ಮುಬಾರಕ್. ಕುರ್ಬಾನಿ ಆಡಿಗೂ ನಿನಗಿಂತ ಹೆಚ್ಚಿಗಿ ಬುದ್ಧಿ ಇತ್ತು. ಗಿರಣಿ ಬೆಲ್ಟ್ ನೋಡಿದ್ರ ಅದು ಓಡಿಹೋಗಿರತಿತ್ತು.

ಬರೇ ಬಿಳಿ ಅಂತ ಬರದಿಯಲ್ಲ, ನಿನ್ನ ಕೈಯಾರೆ ಸಿಕ್ಕಿ ಬಿದ್ದಿ. ನನಗ ಎಲ್ಲಾ ತಿಳೀತು. ದರ್ಗಾಕ್ಕ ಬಂದ ಮಂದಿಗೆ ಊರಾಗ ಖೋಲಿ ಬಾಡಗಿ ಕೊಡತಾರಲ್ಲ, ಆ ಖೋಲಿ ಹಾಸಿಗಿ ಚಾದರ ಎಲ್ಲಾ ಬಿಳೀವ. ಅವನ್ನ ನೀ ಒಗದು ಒಣಗಿಸಿ ಕೊಡಾಕತ್ತೀದಿ. ಬಾಗಲಾ ಹಾಕಿಕೊಂಡು, ದಿನಕ್ಕ ಐದ್ ಸಲ, ನನ್ನ ಮಷೀನಿನ್ಯಾಗ! ಹೆಡ್‌ಮಾಸ್ತರ್ ಅಬ್ದುಲಮಜೀದ ಸಾಹೇಬರ ಧೋಬಿಖಾನಿ! ಬೋರ್ಡ್ ಬರಸಿಲ್ಲೇನು? ನಿನ್ನ ಅಕ್ಷರ ದುಂಡಗ ಅದಾವು, ನೀನ ಬರಿ.

ಶಬೀನಾನ ಕೂಸಿಗೆ ಹಸಿ ಅರಿವಿ, ಮಂದಿ ಚಾದರಕ್ಕ ಬಿಸಿ ಗಾಳಿ. ಭಾಳ ಚೊಲೋ ಮಾಮು ಸಿಕ್ಕಾನ ನನ್ನ ಮಕ್ಕಳಿಗೆ.

ಇನ್ನೊಂದು ಮರೀಬ್ಯಾಡ. ಬಕ್ರೀದಿಗೆ ಬಾ ಅಂತ ಅಮ್ಮಿಗೆ ಮೂರ್ ಸಲ ಫೋನ್ ಮಾಡಿದೆ. ‘ಬಸ್ಸಿನ್ಯಾಗ ಆಗೂದಿಲ್ಲವಾ’ ಅಂದ್ಲು. ಕಾರ್ ಕಳಸ್ತೇನಿ ಅಂದೆ. ‘ಈಗ ಬ್ಯಾಡ’ ಅಂದ್ಲು, ಫೋನ್ ಇಟ್ಲು. ನಾ ಹಡದಾಗ ನಲವತ್ತು ದಿನಾ ನನ್ನ ಬಾಜು ಬಿಟ್ಟು ಏಳದಾಕಿ, ಈಗ ಮೊಮ್ಮಗಳು ಹಡೀತಾಳ ಅಂದ್ರೂ ಬರವಲ್ಲಳು. ಅಕಿ ಕಿವ್ಯಾಗ ಏನ್ ತುಂಬೀದಿ ನನ್ನ ಮ್ಯಾಲ? ಮಷೀನ್ ಇಟ್ಟುಕೊಂಡಂಗ ತಾಯೀನ್ನೂ ಇಟ್ಟುಕೊಂಡಿ.

ಜೂನ್ ಮೂವತ್ತಕ್ಕ, ಐತವಾರ, ಯುನೂಸನ ಟೆಂಪೋ ಕಳಸಾಕತ್ತೇನಿ. ಮಷೀನ್ ಹೊರಗ ತಂದು ಇಟ್ಟಿರು. ಆ ಎರಡು ಸ್ಕ್ರೂ ಸೈತ ಬೇಕು ನನಗ.

ಅಮೀರಬಿ


ಯಮನೂರು
೨೫ ಜೂನ್ ೨೦೨೪

ಆಪಾ,

ತಪ್ಪೊಪ್ಪಿಗೆ ಪತ್ರ. ಕೈಯಾಗ ಹಿಡಿದು, ನೆಟ್ಟಗ ಕೂತು ಓದತಕ್ಕದ್ದು.

ಹೌದು. ನಾನು ಧೋಬಿಖಾನಿ ನಡೆಸುತ್ತಿದ್ದೇನೆ. ಪರ ಊರಿಂದ ಬಂದ ಮಂದಿಯ ಚಾದರ ಒಗೆದು, ಒಣಗಿಸಿ, ಮಡಚಿ ಕೊಡುತ್ತೇನೆ. ನಿವೃತ್ತಿ ಆದ ಮ್ಯಾಲೆ ಮನುಷ್ಯಗ ಏನರೆ ಒಂದು ಚಟ ಇರಬೇಕು. ಕೆಲವರು ಇಸ್ಪೀಟು ಆಡತಾರ, ನಾನು ಚಾದರ. ನೀ ಮಹಾನಂದಾಗ ಹೇಳು, ಶಬೀನಾಗ ಹೇಳು, ಕಾರವಾರದ ಮೀನ ಮಾರೋ ಹೆಣ್ಣಮಕ್ಕಳಿಗೆಲ್ಲಾ ಹೇಳು. ಮಜೀದ ಧೋಬಿ ಅಂತ ಬೇಕಾದ್ರ ಲಕೋಟಿ ಮ್ಯಾಲ ಬರಿ, ಟಪಾಲಿನವ ತಂದು ಕೊಡತಾನ. ನನ್ನ ಅಭ್ಯಂತರ ಇಲ್ಲ.

ಟೆಂಪೋ ಮಾತ್ರ ಕಳಸಬ್ಯಾಡ.

ಗಿರಣಿ ಬೆಲ್ಟ್ ಬಕ್ರೀದಿನ ಮರುದಿನ ಸುಟ್ಟಿತು. ಮನಿತುಂಬ ಹೊಗಿ. ಅದು ಬಿಟ್ಟು ಹೊಲಿಗಿ ಮಷೀನಿನ ಬೆಲ್ಟ್ ಹಾಕಿದೆ, ಜಾರಿತು. ಸೈಕಲ್ ಟ್ಯೂಬು ಸೀಳಿ ಹಾಕಿದೆ, ನಾಲ್ಕು ಸುತ್ತಿಗೆ ಹರೀತು. ಹುಬ್ಬಳ್ಳಿಯೊಳಗ ಐದು ಅಂಗಡಿ ತಿರುಗಿದೆ, ‘ಮಾಸ್ತರ್ರ, ಇಷ್ಟ ಹಳೀ ಮಾಡೆಲ್ಲಿಗೆ ಈಗ ಸಾಮಾನ ಬರೂದಿಲ್ರಿ’ ಅಂತಾರ. ಮೂರು ದಿನ ಜಿಟಿಜಿಟಿ ಮಳಿ ಹಿಡಿದಿತ್ತು. ಒಳಗಿನ ಖೋಲ್ಯಾಗ ಹಗ್ಗ ಕಟ್ಟಿ, ಫ್ಯಾನ್ ಹಚ್ಚಿ, ಇಸ್ತ್ರಿ ಹೊಡದು ಹೊಡದು ಮುಸರತ್‌ಳ ಕೈ ಬೊಬ್ಬಿ ಎದ್ದಾವು. ಈ ಸಲ ರಟ್ಟಿ ನೋವು ಖರೇನ.

ಆ ಬೆಲ್ಟ್ ಕೊಡು. ನಿನ್ನ ಟ್ರಂಕಿನ್ಯಾಗ ಇದ್ದು ಅದೇನು ಮರಿ ಹಾಕತೈತಿ?

ಮತ್ತ, ಅಮ್ಮಿಗೆ ಫೋನಿನ್ಯಾಗ ಮಷೀನಿನ ಸುದ್ದಿ ಕೇಳಬ್ಯಾಡ. ಅಕಿಗೆ ಇದರಾಗ ಏನೂ ಸಂಬಂಧ ಇಲ್ಲ. ಅಕಿ ಕಿವ್ಯಾಗ ನಾ ಏನೂ ತುಂಬಿಲ್ಲ.

ಮಜೀದ


ಕಾರವಾರ
೧ ಜುಲೈ ೨೦೨೪

ಮಜೀದ,

ಯುನೂಸ ಖಾಲಿ ಟೆಂಪೋ ತಂದು ನಿಂದರಸಿದ. ನೀ ಬಾಗಲಕ್ಕ ಅಡ್ಡ ನಿಂತು, ಕೈಯಾಗ ಸ್ಕ್ರೂ ಡ್ರೈವರ್ ಹಿಡಕೊಂಡು, ‘ನನ್ನ ದಾಟಿ ಹೋಗ್ರಿ’ ಅಂದಿಯಂತ. ಅರವತ್ತೆರಡು ವರ್ಷದಾಂವ! ಯುನೂಸ ನಿನ್ನ ಕೈಯಾಗ ಕಲಿತ ಹುಡುಗ, ಹೆದರಿ ಬಂದಾನ. ಛಡಿ ಏಟು ಇನ್ನೂ ಮರತಿಲ್ಲಂತ.

ಅವ ನೋಡಿದ್ದು ನಿನ್ನ ಧೋಬಿಖಾನಿ. ಹೊರಗ ಬಿಸಿಲು ಅಗದಿ ಕಣ್ಣ ಬಿಡಾಕ ಆಗದಂಗ ಬಿದ್ದಿತ್ತಂತ, ಅಂಗಳದ ಹಗ್ಗದ ಮ್ಯಾಲ ಬರೇ ನಿನ್ನ ಟವೆಲ್. ಒಳಗಿನ ಕತ್ತಲಿ ಖೋಲ್ಯಾಗ ಸಾಲಾಗಿ ಬಿಳೀ ಅರಿವಿ. ಅಲ್ಲೇ ಅಮ್ಮಿ ಕೂತಿದ್ಲಂತ. ‘ಸಲಾಮ್ ದಾದಿಮಾ’ ಅಂದಾನ ಹುಡುಗ. ಅಮ್ಮಿ ಪರದಾ ಎಳಕೊಂಡ್ಲಂತ. ಊರ ಮಂದಿನ್ನೆಲ್ಲಾ ಕರದು ಚಾ ಕುಡಿಸಾಕಿ, ನನ್ನ ಕಡಿಂದ ಬಂದಾನ ಅಂತ ಮಾರಿ ಸೈತ ತೋರಸಲಿಲ್ಲ. ಅಲ್ಲಿ ಮಟ ತಂದು ನಿಂದರಿಸೀದಿ ಅಕಿನ್ನ.

ಇವತ್ತಿಗೆ ನನಗ ತಮ್ಮ ಇಲ್ಲ. ಉತ್ತರ ಬರೀಬ್ಯಾಡ.

ಅಮೀರಬಿ


ಕಾರವಾರ
೧೨ ಜುಲೈ ೨೦೨೪

ಲೇ ಮಜೀದ,

ಬರೀಬ್ಯಾಡ ಅಂದ್ರ ಖರೇನ ಬರೀಲಿಲ್ಲ ನೀ. ಅರವತ್ತೆರಡು ವರ್ಷದಾಗ ಇದೊಂದ ಮಾತ್ ಕೇಳೀದಿ ನಂದು.

ನಿನ್ನೆ ಅಸರ್ ನಮಾಜಿಗೆ ವಜೂ ಮಾಡಾಕ ಕುಂತಿದ್ದೆ. ಒಂದ್ ಕೈ ತೊಳದೆ, ಇನ್ನೊಂದ್ ಕೈ ಹಂಗ ನಿಂತಿತು. ಐದ್ ಸಲ. ಮಹಾನಂದಾ ಐದ್ ಸಲ ಅಂದಿದ್ಲು. ಚಾದರ ಒಗಿಯೂ ಧೋಬಿ ಐದ್ ಸಲ ಯಾಕ ಓಡಸ್ತಾನ? ಒಮ್ಮೆ ತುಂಬಿ ಓಡಸ್ತಾನ. ದಿನಕ್ಕ ಐದ್ ಸಲ ಯಾರಿಗೆ ಒಣಾ ಅರಿವಿ ಬೇಕು? ಆ ಮನ್ಯಾಗ ಬಿಳೀ ಅರಿವಿ ಉಡಾಕಿ ಯಾರ ಅದಾಳ? ಬಿಸಿಲ ಬಿಟ್ಟು ಒಳಗಿನ ಖೋಲ್ಯಾಗ ಯಾಕ ಹಾಕತೀರಿ? ಬಸ್ಸಿನ್ಯಾಗ ಯಾಕ ಆಗೂದಿಲ್ಲ, ಕಾರಿನ್ಯಾಗ ಯಾಕ ಬ್ಯಾಡ, ಯುನೂಸನ್ನ ನೋಡಿ ಪರದಾ ಯಾಕ?

ಅಮ್ಮಿಗೆ ನೀರ ತಡಿಯಾಕ ಆಗವಲ್ಲದು. ಹೌದಿಲ್ಲೋ? ಅರಿವಿ ಹಸಿ ಆಗತಾವು. ಪಾಕ-ಶುದ್ಧ ಅಲ್ಲದ ಅರಿವಿ ಉಟ್ಟು ನಮಾಜ ಮಾಡೂದಿಲ್ಲ ಅಂತಾಳ. ಪ್ರತಿ ನಮಾಜಿಗೂ ಬ್ಯಾರೆ ಬೇಕು. ಹೊರಗ ಹಾಕಿದ್ರ ಓಣಿ ಮಂದಿ ‘ಏನವಾ, ದಿನಾ ಚಾದರ ಒಗೀತೀರಿ?’ ಅಂತ ಕೇಳತಾರ. ಅದಕ್ಕ ಮಷೀನು.

ಯಾವಾಗಿಂದ, ಹೇಳು. ಡಿಸೆಂಬರ್‌ದಿಂದನ?

ನಿನ್ನ ಕೈ ಸೇದಿಹೋಗಲಿ. ನಾ ಧೋಬಿ ಅಂತ ಬರದೆ, ನೀ ಹೂಂ ಅಂತ ಬರದಿ! ನಮ್ಮ ಅತ್ತಿ ಮೂರ್ ವರ್ಷ ಹಾಸಿಗಿ ಹಿಡಿದಾಗ ಈ ಎರಡ್ ಕೈಲೇ ಮಾಡೇನಿ. ಪರರ ತಾಯಿಗೆ ಮಾಡಿದ ಕೈ ಹಡದಾಕಿಗೆ ಆಗಿ ಬರಲಿಲ್ಲೇನು? ಮುಸರತ್‌ಗ ಗೊತ್ತು, ನಿನಗ ಗೊತ್ತು, ನನಗಷ್ಟ ಗೊತ್ತಾಗಬಾರದು. ನಾ ಮಗಳಲ್ಲೇನೋ?

ಬೆಲ್ಟ್ ಈ ಪಾಕೀಟಿನ್ಯಾಗ ಐತಿ. ಗೆರಿ ಇರೂ ಮಗ್ಗಲಾ ಡ್ರಮ್ಮಿಗೆ ತಾಕಬೇಕು. ಮೊದಲ ಡ್ರಮ್ಮಿಗೆ ಸುತ್ತು, ಆಮ್ಯಾಲೆ ಕೆಳಗ ಒಂದ್ ಸಣ್ಣ ಗಾಲಿ ಐತಿ, ಸ್ಪ್ರಿಂಗಿನದು, ಅದನ್ನ ಒತ್ತಿ ಹಿಡಿದು ಮೋಟಾರಿಗೆ ಸಿಕ್ಕಸು. ಒಬ್ಬರ ಕೈಲೇ ಆಗೂದಿಲ್ಲ, ಮುಸರತ್‌ನ್ನ ಕರಿ. ನಿನ್ನ ಭಾವ ಮಾಡೂದು ನೋಡೇನಿ. ಶಬೀನಾನ ಕೂಸಿಂದು ನಾ ಒಲೀ ಮ್ಯಾಲ ಹಗ್ಗ ಕಟ್ಟಿ ನೋಡಿಕೋತೇನಿ. ಶಬೀನಾನೂ ಹಂಗ ಬೆಳದಾಕಿ.

೨೧ಕ್ಕ ಐತವಾರ ನಾ ಬರಾಕತ್ತೇನಿ. ಬಂದು ಅಮ್ಮಿನ್ನ ನೆಟ್ಟಗ ಕೇಳಾಕಿ ಇದೇನಿ, ನನಗ ಯಾಕ ಮುಚ್ಚಿಟ್ಟಿ ಅಂತ. ಈ ಸಲ ಬಾಗಲಕ್ಕ ನಿಂತ್ರ ಸ್ಕ್ರೂ ಡ್ರೈವರ್ ಸಹಿತ ಒಳಗ ದಬ್ಬತೇನಿ.

ಅಮೀರಬಿ


ಯಮನೂರು
೧೬ ಜುಲೈ ೨೦೨೪

ಆಪಾ,

ಈ ಪತ್ರ ಟಪಾಲಿಗೆ ಹಾಕಿಲ್ಲ. ಕಾರವಾರದ ಬಸ್ಸಿನ ಕಂಡಕ್ಟರ್ ಗುರುತಿನವ, ಅವನ ಕೈಲೇ ಕೊಟ್ಟೇನಿ, ನೀ ಹೊರಡೂದರಾಗ ಮುಟ್ಟಲಿ ಅಂತ.

ಬೆಲ್ಟ್ ಬಂತು, ಕೂತಿತು, ಡ್ರಮ್ಮು ತಿರುಗಾಕತ್ತೈತಿ. ಗೆರಿ ಮಗ್ಗಲಾ ಮೊದಲ ಸಲ ಉಲ್ಟಾ ಹಾಕಿದ್ದೆ. ಮುಸರತ್ ನಿನ್ನ ಪತ್ರ ಓದಿ ತೋರಿಸಿ ಬೈದು ಸರಿ ಮಾಡಿದಳು. ನೀವಿಬ್ಬರೂ ಒಂದಾದರೆ ನನ್ನ ಗತಿ ಏನು ಅನ್ನೂದು ಅವತ್ತೇ ಗೊತ್ತಾತು.

ಈಗ ನಿನ್ನ ಪ್ರಶ್ನೆಗೆ ಬರತೇನಿ. ಹೋದ ವರ್ಷ ನವೆಂಬರಿನಲ್ಲಿ ಈ ಮನೆಯ ಒಬ್ಬರು ನನ್ನ ಕೈಯನ್ನು ತಮ್ಮ ತಲೀಮ್ಯಾಲೆ ಇಡಿಸಿಕೊಂಡು ಕಸಮ್ ಹಾಕಿಸಿದರು, ‘ಅಮೀರಬಿಗೆ ಹೇಳಬ್ಯಾಡ’ ಅಂತ. ಹಂಗಾಗಿ ಹೌದು ಅಂತ ಬರಿಯೂದಿಲ್ಲ, ಅಲ್ಲ ಅಂತನೂ ಬರಿಯೂದಿಲ್ಲ. ನೀ ಬರದದ್ದನ್ನ ನಾ ಎರಡು ಸಲ ಓದೇನಿ, ತಪ್ಪು ಹುಡುಕೂದು ನನ್ನ ಕಸಬು, ಎಲ್ಲೂ ಕೆಂಪು ಗೆರಿ ಎಳೀಲಿಲ್ಲ. ಅಷ್ಟು ತಿಳಕೋ.

ಮಗಳಲ್ಲೇನು ಅಂತ ಕೇಳೀದಿ. ಮಗಳು ಅಂತನ ಆ ಕಸಮ್. ‘ಅಕಿ ಅತ್ತಿಗೆ ಮೂರ್ ವರ್ಷ ಮಾಡಿ ಸೊಂಟ ಮುರಕೊಂಡಾಳ. ಈಗ ನಂದೂ ಅಕಿಗೆ ಹಚ್ಚಬ್ಯಾಡ, ಗೊತ್ತಾದ್ರ ಮನಿ ಮಕ್ಕಳನ್ನ ಬಿಟ್ಟು ಓಡಿ ಬರತಾಳ’ ಅಂದರು. ನೋಡು, ಬರಾಕತ್ತೀದಿ.

ಆ ಮೂರು ದಿನದ ಮಳಿಯಾಗ ಮನ್ಯಾಗ ಒಂದೂ ಒಣಾ ಅರಿವಿ ಉಳಿದಿರಲಿಲ್ಲ. ನಮಾಜಿನ ಚಾಪಿ ಜಾನಮಾಜ್ ಮಡಚಿ ಗೂಟಕ್ಕ ಹಾಕಿ, ಗ್ವಾಡಿ ಕಡೆ ಮಾರಿ ಮಾಡಿ ಕೂತರು. ಹೆಚ್ಚು ಕುಡದ್ರ ಹೆಚ್ಚು ಹಸಿ ಆಗತೈತಿ ಅಂತ ನೀರು ಕುಡಿಯೂದು ಬಿಟ್ಟರು. ಪೇಶ್ ಇಮಾಮರನ್ನು ಕೇಳಿ ಬಂದೆ, ‘ರೋಗ ಇದ್ದವರಿಗೆ ಮಾಫಿ ಐತಿ, ಇದ್ದ ಅರಿವಿ ಮ್ಯಾಲ ಮಾಡಬಹುದು’ ಅಂದರು. ಬಂದು ಹೇಳಿದೆ. ‘ಮಾಫಿ ಅವರು ಕೊಟ್ರು, ನನಗ ಬರಬೇಕಲ್ಲ’ ಅಂದರು. ಅದಕ್ಕ ಬಾಗಲಕ್ಕ ನಿಂತಿದ್ದೆ. ಯುನೂಸ ಇನ್ನೊಂದು ಹೆಜ್ಜಿ ಇಟ್ಟಿದ್ರ ಖರೇನ ಚುಚ್ಚತಿದ್ದೆ.

ನೀ ನನ್ನ ಮ್ಯಾಲ ಸಿಟ್ಟಾಗು, ಹಕ್ಕೈತಿ. ನಿನ್ನ ಮ್ಯಾಲಿಂದು ನಂದೂ ಇಳದಿಲ್ಲ, ಬೆಲ್ಟಿಗೆ ಆರು ವಾರ ಕಾಯಿಸೀದಿ. ಅದನ್ನ ಎದುರಾ ಎದುರಾ ಮುಗಿಸೂಣು. ಆದರೆ ಅಕಿನ್ನ ನೆಟ್ಟಗ ಕೇಳತೇನಿ ಅಂತ ಬರದಿಯಲ್ಲ, ಅದು ಮಾತ್ರ ಬ್ಯಾಡ ಆಪಾ. ನಿನಗ ಗೊತ್ತಾಗೇತಿ ಅಂತ ತಿಳಿದ್ರ ಅಕಿ ನಿನ್ನ ಕಣ್ಣಾಗ ಕಣ್ಣಿಟ್ಟು ಕುಂಡ್ರೂದಿಲ್ಲ.

ಅದಕ್ಕ ಒಂದು ಸಣ್ಣ ಕೆಲಸ ಮಾಡು. ಶನಿವಾರ ರಾತ್ರಿ ನಿಮ್ಮ ಮನಿದು, ಶಬೀನಾಂದು, ಇದ್ದಷ್ಟು ಅರಿವಿ ನೆನೆಹಾಕು. ಮುಂಜಾನಿ ಒಗದು ಹಸೀವನ್ನ ಚೀಲಕ್ಕ ತುಂಬು. ಬಂದು ಹೊಸ್ತಿಲದಾಗ ನಿಂತು ಓಣಿಗೆಲ್ಲಾ ಕೇಳೂ ಹಂಗ ನನ್ನ ಬೈ, ‘ಕಾರವಾರದಾಗ ಮಳಿ, ಒಂದ್ ಅರಿವಿ ಒಣಗವಲ್ಲದು, ನನ್ನ ಮಷೀನ್ ನನಗ ಬೇಕು, ಎಂಟು ದಿನಾ ಇಲ್ಲೇ ಇದ್ದು ಒಣಗಿಸಿಕೋತೇನಿ’ ಅಂತ. ದಿನಾ ಐದ್ ಸಲ ನೀನ ಓಡಸು. ನಿನ್ನ ಅರಿವ್ಯಾಗ ಯಾರ್ಯಾರವು ಕೂಡಿದಾವು ಅಂತ ಯಾರೂ ಎಣಸೂದಿಲ್ಲ.

ಚೀಲಾ ಎರಡು ಪ್ಲಾಸ್ಟಿಕ್ಕಿನೊಳಗ ಹಾಕಿ ಬಾಯಿ ಗಟ್ಟಿ ಕಟ್ಟು. ನೀರು ಸೋರಿದ್ರ ಕಂಡಕ್ಟರ್ ಯಲ್ಲಾಪುರದಾಗ ಇಳಿಸಿಬಿಡತಾನ.

ಮಜೀದ